ಅರುವತ್ತೊಂದರಲ್ಲಿ ಕುಮಾರಪರ್ವತದ ಗುರಿ: ಮೈಗೂ ಬೇಕು ವರ್ಷದ ಯೋಜನೆ

ಕೃಷಿಕನಿಗೆ ಬೇರೆ ವ್ಯಾಯಾಮ ಬೇಡ ಎಂಬ ಮಾತು ನಮ್ಮಲ್ಲಿ ಹಳತು. ಅದು ನಿಜವಾಗಿದ್ದ ಕಾಲವೂ ಇತ್ತು. ಈಗಿನದ್ದನ್ನು ಲೆಕ್ಕ ಹಾಕಿ ನೋಡಿ. ಹುಲ್ಲು ಕೊಚ್ಚಲು ಯಂತ್ರ. ಕೊಯ್ಲಿಗೂ ಔಷಧಿ ಬಿಡಲೂ ಕಾರ್ಬನ್ ಫೈಬರ್ ದೋಟಿ, ಅದನ್ನು ಹಿಡಿಯಲು ಬೇರೆ ಜನ. ಗೊಬ್ಬರ ಸಾಗಿಸಲು ಪಿಕಪ್. ತೋಟದ ಬದಿಯವರೆಗೂ ಬೈಕು. ನಮಗೆ ಉಳಿದದ್ದು ಉಸ್ತುವಾರಿ. ದುಡಿತ ಇದ್ದರೂ ಅದು ಏರುಪೇರು. ನಾಲ್ಕು ದಿನ ಸೊಂಟ ಮುರಿಯುವಷ್ಟು, ಮತ್ತೆ ಹತ್ತು ದಿನ ಏನೂ ಇಲ್ಲ.

2024ರ ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.3 ಬಂತು. 5.7ರಿಂದ 6.4ರವರೆಗೆ ಗಡಿ, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಸಕ್ಕರೆ ಕಾಯಿಲೆ. ಅದಕ್ಕಿಂತಲೂ ಚಿಂತೆ ಹತ್ತಿಸಿದ್ದು ಇನ್ನೊಂದು. ಮನೆಯಿಂದ ಗುಡ್ಡೆಯ ಮೇಲಿನ ನೀರಿನ ಟಾಂಕಿಗೆ ಹೋಗುವಾಗ ಎರಡು ಕಡೆ ನಿಂತು ದಮ್ಮು ತೆಗೆಯಬೇಕಾಗುತ್ತಿತ್ತು. ಮಗ ಬೆಂಗಳೂರಿನಲ್ಲಿ. ನನ್ನ ಕಾಲು ನಿಂತರೆ ತೋಟವೂ ನಿಂತ ಹಾಗೆ. ಎಪ್ಪತ್ತೈದು ಆಗುವವರೆಗಾದರೂ ಟಾಂಕಿಯ ಬುಡಕ್ಕೆ ನಾನೇ ಹೋಗುವಂತಿರಬೇಕು.

'ಸ್ವಲ್ಪ ನಡೆಯಿರಿ' ಎಂದರು ಡಾಕ್ಟ್ರು. ಸಲಹೆ ಸರಿಯೇ. ಆದರೆ 'ಗಿಡಕ್ಕೆ ಸ್ವಲ್ಪ ಗೊಬ್ಬರ ಹಾಕಿ' ಎಂದರೆ ನಾವು ಎಷ್ಟು, ಯಾವಾಗ ಎಂದು ಕೇಳುವುದಿಲ್ಲವೇ? ಅಳತೆಯೂ ತಾರೀಕೂ ಇಲ್ಲದ ಕೆಲಸ ಎಂಟು ದಿನಕ್ಕೆ ನಿಲ್ಲುತ್ತದೆ. ಹಾಗಾಗಿ ದೊಡ್ಡ ಗುರಿಯೊಂದನ್ನು ಇಟ್ಟೆ: ಡಿಸೆಂಬರಿನಲ್ಲಿ ಕುಕ್ಕೆಯಿಂದ ಕುಮಾರಪರ್ವತ.

ಮನೆಯವಳು 'ಅಲ್ಲಾ, ನಿಮಗೆ ಎಂತ ಮರುಳಾ?' ಎಂದಳು. ನೆರೆಯವರದ್ದು, 'ದಿನವಿಡೀ ತೋಟದಲ್ಲಿ ಇರುವವರಿಗೆ ಎಂತದ್ದು ವಾಕಿಂಗ್ ಮಾರಾಯ್ರೆ?'

ವಯಸ್ಸು ಅಡ್ಡಿಯೇ?

ಪಂಜಾಬಿನ ಜಲಂಧರ್ ಜಿಲ್ಲೆಯ ಕೃಷಿಕ ಫೌಜಾ ಸಿಂಗ್ ಇಳಿವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದವರು. 2000ದಲ್ಲಿ ಲಂಡನ್‌ನಲ್ಲಿ ಮೊದಲ ಮ್ಯಾರಥಾನ್, ಅಂದರೆ 42 ಕಿ.ಮೀ.ಗೂ ಮಿಕ್ಕಿದ ಓಟ, ಮುಗಿಸಿದಾಗ ಅವರಿಗೆ 89 ವರ್ಷ ಎಂದು ದಾಖಲೆ ಹೇಳುತ್ತಿತ್ತು. ಜನನ ಪ್ರಮಾಣಪತ್ರ ಇಲ್ಲದ್ದರಿಂದ ಗಿನ್ನೆಸ್‌ನವರು ಅವರ ದಾಖಲೆಯನ್ನು ಒಪ್ಪಲಿಲ್ಲ. 2025ರ ಜುಲೈಯಲ್ಲಿ ಊರಿನ ಹತ್ತಿರ ವಾಹನ ಬಡಿದು ತೀರಿಕೊಂಡರು.

ಅವರದ್ದು ಅಪರೂಪದ ದೇಹ ಎನ್ನಬಹುದು. ಹಾಗಾದರೆ ಇದನ್ನು ನೋಡಿ. 1990ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಯಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ತೊಂಬತ್ತರಲ್ಲಿ ಆಗುವುದಾದರೆ ಅರುವತ್ತೊಂದರಲ್ಲಿ ಯಾಕೆ ಆಗ್ಲಿಕ್ಕಿಲ್ಲ?

ಗುರಿಯನ್ನು ತುಂಡು ಮಾಡಿದ್ದು

ಕುಮಾರಪರ್ವತ 1712 ಮೀಟರ್. ಕುಕ್ಕೆಯಿಂದ ಏರಬೇಕಾದದ್ದು 1500 ಮೀಟರಿಗೂ ಮಿಕ್ಕಿ. ಪಂಪು ಕೂರಿಸುವಾಗ ಅಳೆದ ಪ್ರಕಾರ ನಮ್ಮ ಮನೆಯಿಂದ ಟಾಂಕಿಗೆ 40 ಮೀಟರ್ ಏರು. ಅಂದರೆ ಪರ್ವತವೆಂದರೆ ನಮ್ಮ ಟಾಂಕಿಗೆ ಸುಮಾರು ನಲ್ವತ್ತು ಸಲ ಹತ್ತಿದ ಹಾಗೆ. ಹೀಗೆ ಲೆಕ್ಕ ಸಿಕ್ಕಿದ ಮೇಲೆ ಕೆಲಸ ಸುಲಭ.

ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಶಿಫಾರಸು. ಅದನ್ನೂ ಎರಡು ಕಂತು ಮಾಡುತ್ತೇವೆ. ಮೈಗೂ ಅದೇ ನಿಯಮ. ಶ್ರಮ ಕೊಡುವುದು, ವಿಶ್ರಾಂತಿ ಕೊಡುವುದು, ಮತ್ತೆ ಸ್ವಲ್ಪ ಏರಿಸುವುದು. ದೇಹ ಬಲ ಕಟ್ಟಿಕೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲಿ. ಇನ್ನೊಂದು ವಿಷಯ ತಿಳಿದಿರಬೇಕು. ದಮ್ಮು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ದಮ್ಮು ಬಂತೆಂದು ಒಮ್ಮೆಲೇ ಏರಿಸಿದರೆ ಮೊಣಕಾಲು, ಹಿಮ್ಮಡಿ ಕೈಕೊಡುತ್ತದೆ.

ನಾನು ಅನುಸರಿಸಿದ ಕ್ರಮ ಹೀಗೆ:

ಜನವರಿ–ಫೆಬ್ರವರಿ: ಸಮತಟ್ಟು ದಾರಿಯಲ್ಲಿ ಚುರುಕು ನಡಿಗೆ. ದಿನಕ್ಕೆ 20 ನಿಮಿಷದಿಂದ ಸುರು, ಮತ್ತೆ 30 ನಿಮಿಷ. ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ ಕನಿಷ್ಠ ಪ್ರಮಾಣ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ವೇಗದ ಅಳತೆಗೆ ಯಂತ್ರ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಭಾಗವತಿಕೆ ಮಾಡಲು ಆಗಬಾರದು.

ಮಾರ್ಚ್–ಮೇ: ವಾರದಲ್ಲಿ ಮೂರು ದಿನ ಟಾಂಕಿಯ ಗುಡ್ಡೆ. ಮೊದಲು ಒಂದು ಸಲ. ಎರಡು ವಾರಕ್ಕೊಮ್ಮೆ ಒಂದೊಂದು ಸಲ ಹೆಚ್ಚಿಗೆ. ಉಳಿದ ದಿನ ಸಮತಟ್ಟು ನಡಿಗೆ.

ಜೂನ್–ಸೆಪ್ಟೆಂಬರ್: ಜಾರು, ಉಂಬುಳ. ಗುಡ್ಡೆ ಬಿಟ್ಟು ಜಗಲಿಯಲ್ಲಿ ಬಲದ ಕೆಲಸ. ಕುರ್ಚಿಯಿಂದ ಕೈ ಊರದೆ ಏಳುವುದು–ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಎರಡು ಕೈಯಲ್ಲಿ ಹತ್ತತ್ತು ಲೀಟರ್ ನೀರು ಹಿಡಿದು ನಡೆಯುವುದು, ಕಂಬದ ಹತ್ತಿರ ಒಂಟಿ ಕಾಲಲ್ಲಿ ನಿಲ್ಲುವುದು. ದಿನ ಬಿಟ್ಟು ದಿನ, ಅರ್ಧ ಗಂಟೆ. ಮಧ್ಯಾಹ್ನ, ರಾತ್ರಿ ಊಟದ ನಂತರ ಜಗಲಿಯಲ್ಲೇ 15 ನಿಮಿಷ ನಡಿಗೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ ಊಟದ ನಂತರದ ನಡಿಗೆಗೆ ಲಾಭ ಹೆಚ್ಚು.

ಅಕ್ಟೋಬರ್–ನವೆಂಬರ್: ಪುನಃ ಗುಡ್ಡೆ, ಹೆಗಲಚೀಲದಲ್ಲಿ 5 ಕಿಲೋ ಅಕ್ಕಿ. ಕೊನೆಗೆ ಒಂದೇ ದಿನ 15 ಸಲ ಹತ್ತಿ ಇಳಿದೆ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಮರುದಿನ ತೊಡೆ ನೋಯುವುದು ಹೆಚ್ಚಾಗಿ ಇಳಿದದ್ದರಿಂದ. ನಡುವಿನ ಪರೀಕ್ಷೆಗೆ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿದೆ. ಅಲ್ಲಿ ಸಾವಿರದ ಎಂಟುನೂರಕ್ಕೂ ಮಿಕ್ಕಿ ಮೆಟ್ಟಿಲು.

ಖರ್ಚು ಒಂದು ಜೊತೆ ಶೂ, 1800 ರೂ. ಲೆಕ್ಕ ಬರೆದದ್ದು ಮಳೆ ಲೆಕ್ಕದ ಪುಸ್ತಕದಲ್ಲೇ, ಒಂದು ಕಾಲಂ ಹೆಚ್ಚಿಗೆ ಗೀರಿ. ಬರೆಯದ ದಿನದ ಜಾಗ ಖಾಲಿ ಕಾಣುತ್ತದಲ್ಲ, ಅದೇ ಒಳ್ಳೆಯ ಎಚ್ಚರಿಕೆ.

ಪರ್ವತದಲ್ಲಿ ಆದದ್ದು

ಅಲ್ಲಿ ಹತ್ತಲು ಅರಣ್ಯ ಇಲಾಖೆಯಲ್ಲಿ ಮುಂಚಿತ ಬುಕಿಂಗ್ ಬೇಕು. ಮಗನೂ ರಜೆ ಹಾಕಿ ಬಂದ. ಹೊರಡುವ ಮೊದಲೇ ಒಂದು ನಿಯಮ ಮಾಡಿದ್ದೆವು: 12 ಗಂಟೆಗೆ ಎಲ್ಲಿದ್ದರೂ ತಿರುಗುವುದು, ಕತ್ತಲಾಗುವ ಮೊದಲು ಕೆಳಗೆ ಮುಟ್ಟುವುದು. 12 ಆಗುವಾಗ ಕಲ್ಲುಮಂಟಪ ದಾಟಿ ಸ್ವಲ್ಪವೇ ಮುಂದೆ ಇದ್ದೆವು. ತಿರುಗಿದೆವು.

ತುದಿ ಮುಟ್ಟಲಿಲ್ಲವಲ್ಲ, ಲಾಭವೆಂತ ಎಂದು ಕೇಳಿದವರಿದ್ದಾರೆ. ಜನವರಿಯದ್ದನ್ನೂ ಡಿಸೆಂಬರದ್ದನ್ನೂ ಪಕ್ಕಪಕ್ಕ ಇಡುತ್ತೇನೆ. ಎಚ್‌ಬಿಎ1ಸಿ 6.3 ಇದ್ದದ್ದು 5.8. ಸೊಂಟದ ಸುತ್ತಳತೆ 97 ಸೆಂ.ಮೀ. ಇದ್ದದ್ದು 91. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕೂತದ್ದು 11 ಸಲ ಇದ್ದದ್ದು 17. ಟಾಂಕಿಗೆ ಈಗ ನಿಲ್ಲದೆ ಹೋಗುತ್ತೇನೆ. 'ದಿನಾ ಅರ್ಧ ಗಂಟೆ ನಡಿಗೆ' ಎಂಬ ಸಣ್ಣ ಗುರಿ ಮಾತ್ರ ಇದ್ದಿದ್ದರೆ ಮಳೆಗಾಲದ ನಾಲ್ಕು ತಿಂಗಳು ನನ್ನನ್ನು ಹಿಡಿದು ನಿಲ್ಲಿಸುವಂತದ್ದು ಏನೂ ಇರುತ್ತಿರಲಿಲ್ಲ. ದೊಡ್ಡ ಗುರಿಯ ಉಪಯೋಗ ಅದು.

ಗುರಿ ಬೆಟ್ಟವೇ ಆಗಬೇಕೆಂದಿಲ್ಲ. ಮನೆಯವಳ ಗುರಿ ನೆಲದಿಂದ ಕೈ ಊರದೆ ಏಳುವುದು. ಏಳು ತಿಂಗಳಲ್ಲಿ ಸಾಧಿಸಿದಳು. ಹಟ್ಟಿ ಕೆಲಸಕ್ಕೆ ಅದು ನನ್ನ ಪರ್ವತಕ್ಕಿಂತ ಉಪಕಾರಿ.

ಎಚ್ಚರಿಕೆ

ಹೃದಯ, ರಕ್ತದೊತ್ತಡ, ಮೊಣಕಾಲಿನ ತೊಂದರೆ ಇರುವವರು ಡಾಕ್ಟ್ರಲ್ಲಿ ಕೇಳಿಯೇ ಸುರು ಮಾಡಿ. ಸಕ್ಕರೆಗೆ ಮದ್ದು ತೆಗೆದುಕೊಳ್ಳುವವರಿಗೆ ಶ್ರಮದ ಹೊತ್ತಿಗೆ ಸಕ್ಕರೆ ತೀರಾ ಇಳಿಯಬಹುದು. ಕಿಸೆಯಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಎದೆ ಒತ್ತಿದಂತಾದರೆ, ತಲೆ ತಿರುಗಿದರೆ, ಎಡಗೈಗೋ ದವಡೆಗೋ ನೋವು ಹಬ್ಬಿದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಸುರು ಮಾಡಲು ನಾಳೆಯೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64 ವರ್ಷದ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಳತೆ. ಬಂದ ಸಂಖ್ಯೆಯನ್ನು ಮಳೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಅದರ ಕೆಳಗೆ ನಿಮ್ಮ ಗುರಿ, ಅದರ ತಾರೀಕು. ಬೇರೆ ರೀತಿಯಲ್ಲಿ ಪ್ರಯತ್ನ ಮಾಡಿದ ಕೃಷಿಕರಿದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ಕಲಿಯಲಿಕ್ಕಿದೆ.