ಉಪ್ಪು, ಮಂಜುಗಡ್ಡೆ ಮತ್ತು ಕಸ್ಟರ್ಡ್ ಐಸ್‌ಕ್ರೀಮು

ನಮ್ಮ ಹೈದರಾಬಾದು ನಗರದ ಮೊಅಜ್ಜಂಜಾಹಿ ಮಾರುಕಟ್ಟೆಯನ್ನು ಕಾಣದವರು ನಮ್ಮ ಶಾಲೆಯಲ್ಲಿ ಯಾರೂ ಇರಲಾರರು. ಕೊನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಎರಡನೆಯ ಪುತ್ರ ಮೊಅಜ್ಜಂ ಜಾಹರ ಹೆಸರಿನಲ್ಲಿ 1935ರಲ್ಲಿ ಕಟ್ಟಲಾದ ಈ ಕಲ್ಲಿನ ಕಟ್ಟಡವು ತನ್ನ ಗಡಿಯಾರದ ಗೋಪುರಕ್ಕೆ ಎಷ್ಟು ಪ್ರಸಿದ್ಧವೋ, ಕೈಯಿಂದ ತಿರುವಿ ಮಾಡುವ ಐಸ್‌ಕ್ರೀಮಿಗೂ ಅಷ್ಟೇ ಪ್ರಸಿದ್ಧವಾಗಿದೆ. ಅಂಥ ಐಸ್‌ಕ್ರೀಮನ್ನು ನಾವೇ ಮಾಡಿ ನೋಡಬೇಕೆಂಬ ಆಸೆ ಕಳೆದ ಬೇಸಗೆಯಲ್ಲಿ ನಮ್ಮ ತರಗತಿಯವರಲ್ಲಿ ಹುಟ್ಟಿತು. ತಿನ್ನುವ ಆಸೆಯಿಂದ ತೊಡಗಿದ ಈ ಕೆಲಸವು ಕೊನೆಗೆ ವಿಜ್ಞಾನದ ಒಂದು ಪಾಠವಾಗಿ ಪರಿಣಮಿಸಿತು.

ಆರಂಭದಲ್ಲಿಯೇ ಒಂದು ತೊಡಕು ಎದುರಾಯಿತು. ಕಸ್ಟರ್ಡ್ ಎಂಬುದು ಮೂಲತಃ ಹಾಲು, ಸಕ್ಕರೆ ಮತ್ತು ಮೊಟ್ಟೆಯ ಹಳದಿಯಿಂದ ಆದ ಪಾಕ. ನಮ್ಮಲ್ಲಿ ಮೊಟ್ಟೆ ತಿನ್ನುವವರೂ ಉಂಟು, ಮುಟ್ಟದವರೂ ಉಂಟು. ಎರಡು ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಮಾಡೋಣವೆಂದು ಕೆಲವರು ಸೂಚಿಸಿದರು. ಜೊತೆಯಲ್ಲಿ ಓದುವವರು ಒಂದು ಸಿಹಿಯ ಸಲುವಾಗಿ ಎರಡು ಪಂಕ್ತಿಯಾಗುವುದು ನಮಗೆ ಸರಿತೋರಲಿಲ್ಲ. ಆಗ ನೆರವಿಗೆ ಬಂದುದು ಕಸ್ಟರ್ಡ್ ಪುಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಲ್‌ಫ್ರೆಡ್ ಬರ್ಡ್ ಎಂಬವನು ಇದನ್ನು 1837ರಲ್ಲಿ ಕಂಡುಹಿಡಿದನು. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ; ಅವಳಿಗಾಗಿ ಅವನು ಮೊಟ್ಟೆಯ ಬದಲು ಮೆಕ್ಕೆಜೋಳದ ಪಿಷ್ಟವನ್ನು ಬಳಸಿದನು. ಒಬ್ಬಳಿಗಾಗಿ ಮಾಡಿದ ಆ ಉಪಾಯವು ನಮ್ಮೆಲ್ಲರನ್ನೂ ಒಂದೇ ಪಾತ್ರೆಯ ಸುತ್ತ ಕೂಡಿಸಿತು.

ವಿಧಾನವು ಹೀಗೆ: ಒಂದು ಲೀಟರು ಗಟ್ಟಿ ಹಾಲಿನಿಂದ ಅರ್ಧ ಲೋಟದಷ್ಟನ್ನು ತಣ್ಣಗಿರುವಾಗಲೇ ತೆಗೆದು, ಅದರಲ್ಲಿ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿಯನ್ನು ಕದಡಬೇಕು. ಪುಡಿಯನ್ನು ನೇರವಾಗಿ ಬಿಸಿಹಾಲಿಗೆ ಹಾಕಿದರೆ ಪಿಷ್ಟದ ಹೊರಪದರವು ಒಡನೆಯೇ ಉಬ್ಬಿ, ಒಳಗೆ ಒಣಪುಡಿ ಉಳಿದು, ಗಂಟುಗಳಾಗುತ್ತವೆ. ಉಳಿದ ಹಾಲನ್ನು ಕುದಿಸಿ, 150 ಗ್ರಾಂ ಸಕ್ಕರೆ ಬೆರೆಸಿ, ಕದಡಿದ ಹಾಲನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ ತಳ ಹಿಡಿಯದಂತೆ ಕೈಯಾಡಿಸಬೇಕು. ಎರಡು ಮೂರು ನಿಮಿಷ ಕುದಿದ ಮೇಲೆ ಕೆಳಗಿಳಿಸಿ, ಪೂರ್ತಿ ಆರಿದ ಬಳಿಕ 200 ಗ್ರಾಂ ಹಾಲಿನ ಕೆನೆಯನ್ನು ಕಡೆದು ಸೇರಿಸಬೇಕು.

ಈ ಪಾಕವನ್ನು ಭದ್ರವಾದ ಮುಚ್ಚಳವುಳ್ಳ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಬಕೆಟ್ಟಿನಲ್ಲಿಟ್ಟು, ಸುತ್ತಲೂ ಒಡೆದ ಮಂಜುಗಡ್ಡೆಯನ್ನು ಹಾಕಿದೆವು. ಸರದಿಯಂತೆ ಒಂದು ಗಂಟೆಯ ಕಾಲ ಡಬ್ಬಿಯನ್ನು ತಿರುಗಿಸಿದೆವು. ಕೈ ಸೋತಿತು, ಹಾಲು ತಣ್ಣಗಾಯಿತೇ ಹೊರತು ಗಡ್ಡೆಕಟ್ಟಲಿಲ್ಲ. ನಾವು ಉಪ್ಪು ಹಾಕಿರಲಿಲ್ಲ! ಉಪ್ಪು ಮಂಜುಗಡ್ಡೆಯನ್ನು ಬೇಗ ಕರಗಿಸಿ ಹಾಳುಮಾಡುವುದೆಂದು ನಾವು ಎಣಿಸಿದ್ದೆವು. ವಿಜ್ಞಾನದ ಗುರುಗಳು ನಕ್ಕು, “ಕರಗುವುದೇ ಬೇಕಾದುದು, ಹಾಕಿರಿ” ಎಂದರು.

ಇದರ ಮರ್ಮವೇನು? ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಡ್ಡೆಕಟ್ಟುತ್ತದೆ. ಸಕ್ಕರೆ ಕರಗಿದ ಹಾಲು ಅದಕ್ಕಿಂತ ಕೆಳಗಿಳಿದ ಹೊರತು ಗಡ್ಡೆಕಟ್ಟದು. ಬರಿಯ ಮಂಜುಗಡ್ಡೆಯಾದರೋ ಕರಗುವಾಗ 0 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಉಪ್ಪು ಬೆರೆತಾಗ ನೀರಿನ ಘನೀಭವನ ಬಿಂದು ಇಳಿಯುತ್ತದೆ. ಮಂಜುಗಡ್ಡೆಯು ಶೀಘ್ರವಾಗಿ ಕರಗತೊಡಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಉಷ್ಣ ಬೇಕು. ಆ ಉಷ್ಣವನ್ನು ಅದು ತನ್ನ ಸುತ್ತಲಿನಿಂದಲೂ ಡಬ್ಬಿಯ ಹಾಲಿನಿಂದಲೂ ಸೆಳೆದುಕೊಳ್ಳುತ್ತದೆ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಈ ಮಿಶ್ರಣದ ಉಷ್ಣತೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ನಾಲ್ಕು ಕಿಲೋ ಮಂಜುಗಡ್ಡೆಗೆ ಒಂದು ಕಿಲೋ ಕಲ್ಲುಪ್ಪು ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿದೆವು. ಹತ್ತು ನಿಮಿಷಗಳಲ್ಲಿ ಡಬ್ಬಿಯ ಒಳಗೋಡೆಗೆ ಕೆನೆಬಣ್ಣದ ಪೊರೆ ಹತ್ತಿತು.

ಲವಣಗಳಿಂದ ತಂಪು ಪಡೆಯುವ ಉಪಾಯ ನಮ್ಮ ದೇಶಕ್ಕೆ ಹೊಸತಲ್ಲ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪನ್ನು ಕರಗಿಸಿ, ಅದರಿಂದ ಕುಡಿಯುವ ನೀರನ್ನು ತಂಪುಗೊಳಿಸುತ್ತಿದ್ದ ಸಂಗತಿಯನ್ನು ಅಬುಲ್ ಫಜಲನು ‘ಐನ್-ಎ-ಅಕ್ಬರಿ’ಯಲ್ಲಿ ಹೇಳಿದ್ದಾನೆ. ಹಿಡಿಕೆ ತಿರುಗಿಸಿ ಐಸ್‌ಕ್ರೀಮು ಮಾಡುವ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಹಕ್ಕುಪತ್ರ ಪಡೆದಳು. ತಿರುಗಿಸುವುದೇಕೆಂದರೆ, ಅಲುಗಾಡದೆ ಗಡ್ಡೆಕಟ್ಟಿದ ಹಾಲಿನಲ್ಲಿ ಹರಳುಗಳು ದೊಡ್ಡವಾಗಿ ಬೆಳೆದು ನಾಲಗೆಗೆ ಒರಟಾಗುತ್ತವೆ. ತಿರುಗಿಸುತ್ತ, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಅಂಚನ್ನು ಕೆರೆದು ಕಲಕಿದರೆ, ಹರಳುಗಳು ಸಣ್ಣವಾಗಿಯೇ ಉಳಿದು, ನಡುವೆ ಗಾಳಿಯೂ ಸೇರಿ, ಐಸ್‌ಕ್ರೀಮು ನುಣುಪಾಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಅದನ್ನು ಒರೆಸಬೇಕು. ಉಪ್ಪುನೀರು ಒಂದು ಹನಿಯೂ ಒಳಗೆ ಬೀಳಬಾರದು. ಉಪ್ಪು ಬೆರೆತ ಮಂಜುಗಡ್ಡೆಯನ್ನು ಬರಿಗೈಯಲ್ಲಿ ಹಿಡಿಯಕೂಡದು. ಅದು ಚರ್ಮಕ್ಕೆ ಹಾನಿಮಾಡುತ್ತದೆ.

ಬೇಗಂಬಜಾರಿನಿಂದ ತಂದ ಗೋಡಂಬಿ, ಬಾದಾಮಿ, ಚಾರೋಳಿಗಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವಂತೆ ಹುರಿದೆವು. ಹುರಿದಾಗ ತೇವ ಹೋಗಿ ಬೀಜಗಳು ಗರಿಯಾಗುತ್ತವೆ, ಪರಿಮಳವೂ ಏಳುತ್ತದೆ. ತಣ್ಣನೆಯ ತಿನಿಸಿನಲ್ಲಿ ರುಚಿ ಮಂದವಾಗುವುದರಿಂದ ಈ ಪರಿಮಳ ಅಗತ್ಯ. ಅವು ಪೂರ್ತಿ ಆರಿದ ಮೇಲೆ, ಐಸ್‌ಕ್ರೀಮು ಮುಕ್ಕಾಲು ಗಟ್ಟಿಯಾದಾಗ ಬೆರೆಸಬೇಕು. ಮೊದಲೇ ಹಾಕಿದರೆ ತಳ ಸೇರಿ ಮೆತ್ತಗಾಗುತ್ತವೆ. ಬೀಜಗಳು ಒಗ್ಗದ ಗೆಳತಿಯೊಬ್ಬಳಿಗಾಗಿ, ಅವನ್ನು ಬೆರೆಸುವ ಮುನ್ನವೇ ಶುಭ್ರವಾದ ಚಮಚದಿಂದ ಒಂದು ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟೆವು. ಬರ್ಡ್ ತನ್ನ ಹೆಂಡತಿಗಾಗಿ ಯೋಚಿಸಿದುದು ಆಗ ನೆನಪಿಗೆ ಬಂದಿತು.

ಉಪ್ಪು ಹಾಕಿದ ಮುಕ್ಕಾಲು ಗಂಟೆಗೆ ಐಸ್‌ಕ್ರೀಮು ಸಿದ್ಧವಾಯಿತು. ಮಾರುಕಟ್ಟೆಯದರಷ್ಟು ನುಣುಪಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಆದರೂ ತರಗತಿಯ ಒಬ್ಬರೂ ಹೊರಗುಳಿಯಲಿಲ್ಲ. ವಾಚಕರೂ ತಮ್ಮ ಮನೆಯಲ್ಲಿ ಹಿರಿಯರ ನೆರವಿನಿಂದ ಮಾಡಿ ನೋಡಲಿ. ಆದರೆ ಪುಡಿ ಕದಡುವ ಮುನ್ನ, ತಿನ್ನಲು ಕೂಡುವವರು ಯಾರು, ಅವರಿಗೆ ಒಗ್ಗದುದು ಯಾವುದು ಎಂಬುದನ್ನು ಕೇಳಿಕೊಳ್ಳಲಿ. ಉಪ್ಪನ್ನು ಮಾತ್ರ ಮರೆಯದಿರಲಿ.