ಅಂಚುಪಟ್ಟಿಯನ್ನು ಹಲಗೆಯ ಮಟ್ಟಕ್ಕೆ ತರುವ ಬಗೆ



ಊರಿನ ಅರಿವು ಕೇಂದ್ರಕ್ಕೆ ಓದುವ ಮೇಜೊಂದು ಬೇಕೆಂದು ಪಂಚಾಯಿತಿಯವರು ನಿಮ್ಮನ್ನು ಕೇಳಿದರೆಂದು ಇಟ್ಟುಕೊಳ್ಳಿ. ಹಿಂದೆ ಇಡೀ ಮರದ ಹಲಗೆಗಳನ್ನು ಕೂಡಿಸಿ ಮೇಜು ಮಾಡುತ್ತಿದ್ದರು. ಈಗ ಬಹುಮಟ್ಟಿಗೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯನ್ನು ತಂದು ಕೊಯ್ಯುತ್ತೇವೆ. ಅದರ ಮುಖದಲ್ಲಿ ತೇಗದ ತೆಳುಪದರವಿದ್ದು ನೋಡಲು ಚೆನ್ನಾಗಿರುತ್ತದೆ. ಆದರೆ ಕೊಯ್ದ ಅಂಚಿನಲ್ಲಿ ಒಳಗಿನ ಪದರಗಳೆಲ್ಲ ಹೊರಗೆ ಕಾಣುತ್ತವೆ. ಅಲ್ಲಿಂದ ನೀರು ಒಳಗಿಳಿಯುತ್ತದೆ. ಮಕ್ಕಳ ಬಟ್ಟೆಗೆ, ಕೈಗೆ ಸಿಬಿರು ತಗಲುತ್ತದೆ. ಆದುದರಿಂದಲೇ ಸುತ್ತಲೂ ತೇಗದ ಪಟ್ಟಿಯನ್ನು ಅಂಟಿಸುವ ವಾಡಿಕೆ ಬಂದಿದೆ. ಇದನ್ನು ಕೆಲವರು ಲಿಪ್ಪಿಂಗ್ ಎನ್ನುತ್ತಾರೆ. ಇಲ್ಲಿ ನಾವು ಅಂಚುಪಟ್ಟಿ ಎಂದು ಕರೆಯೋಣ.

ಅಂಚುಪಟ್ಟಿಯನ್ನು ಹಲಗೆಯ ದಪ್ಪಕ್ಕಿಂತ ತುಸು ಹೆಚ್ಚು ಅಗಲವಾಗಿಯೇ ಕೊಯ್ದು ಅಂಟಿಸಬೇಕು. ಅಂಟಿದ ಮೇಲೆ ಅದು ಹಲಗೆಯ ಮುಖಕ್ಕಿಂತ ಸುಮಾರು ಒಂದು ಮಿಲಿಮೀಟರ್ ಮೇಲೆದ್ದಿರುತ್ತದೆ. ಈ ಒಂದು ಮಿಲಿಮೀಟರನ್ನು ತೆಗೆಯುವುದೇ ನಮ್ಮ ಇಂದಿನ ಪಾಠ.

ಕೆಲಸ ಕೆಡುವುದು ಎಲ್ಲಿ?

ಪ್ಲೈವುಡ್ಡಿನ ಮೇಲಿರುವ ತೇಗದ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಉಜ್ಜುಗೊರಡು ಒಮ್ಮೆ ಜಾರಿದರೂ, ರೂಟರ್ ಯಂತ್ರ ಒಮ್ಮೆ ವಾಲಿದರೂ ಆ ಪದರ ಹರಿದು ಕೆಳಗಿನ ಬಿಳಿಮರ ಕಾಣುತ್ತದೆ. ಇದಕ್ಕೆ ಮದ್ದಿಲ್ಲ. ಪಾಲಿಷ್ ಹಚ್ಚಿದಷ್ಟೂ ಗಾಯ ಎದ್ದು ಕಾಣುತ್ತದೆ. ಹಲಗೆಯ ಬೆಲೆ ಹೋಯಿತು, ಕೂಲಿ ಹೋಯಿತು, ಕೆಲಸಗಾರನ ಹೆಸರೂ ಹೋಯಿತು.

ರೂಟರ್ ವಾಲುವುದೇಕೆ? ಹಲಗೆಯ ಅಂಚಿನಲ್ಲಿ ಯಂತ್ರದ ಅಡಿತಟ್ಟೆಯ ಅರ್ಧಭಾಗಕ್ಕೆ ಮಾತ್ರ ಆಸರೆಯಿರುತ್ತದೆ. ಉಳಿದ ಅರ್ಧ ಗಾಳಿಯಲ್ಲಿರುತ್ತದೆ. ಕೈ ತುಸು ಹೊರಕ್ಕೆ ಭಾರ ಹಾಕಿದರೆ ಸಾಕು, ಯಂತ್ರ ಓರೆಯಾಗುತ್ತದೆ. ಆದುದರಿಂದ ಯಂತ್ರಕ್ಕೆ ಅಗಲವಾದ, ಅಲುಗದ ಕಾಲು ಕೊಡುವುದೇ ಈ ಕೆಲಸದ ಮರ್ಮ. ಆ ಕಾಲನ್ನು ನೀವೇ ಒಂದು ತುಂಡು ಪ್ಲೈವುಡ್ಡಿನಿಂದ ಮಾಡಿಕೊಳ್ಳಬಹುದು.

ಆಸರೆ ಹಲಗೆಯನ್ನು ಮಾಡಿಕೊಳ್ಳುವುದು

12 ಮಿಲಿಮೀಟರ್ ದಪ್ಪದ, ಡೊಂಕಿಲ್ಲದ ಪ್ಲೈವುಡ್ ತುಂಡನ್ನು ತೆಗೆದುಕೊಳ್ಳಿ. ಅದು ಒಂದು ಅಡಿ ಉದ್ದ, ಯಂತ್ರದ ಅಡಿತಟ್ಟೆಯಷ್ಟು ಅಗಲ ಇರಲಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಸಣ್ಣ ರೂಟರಿನ, ಅಂದರೆ ಟ್ರಿಮ್ಮರಿನ, ಪ್ಲಾಸ್ಟಿಕ್ ಅಡಿತಟ್ಟೆಯನ್ನು ಬಿಚ್ಚಿ. ಅದನ್ನೇ ಅಚ್ಚಾಗಿಟ್ಟುಕೊಂಡು ಸ್ಕ್ರೂ ತೂತುಗಳನ್ನು ಗುರುತು ಮಾಡಿ. ಯಂತ್ರದ ಅಡಿಯ ಅರ್ಧಭಾಗಕ್ಕೆ ಮಾತ್ರ ಈ ಹಲಗೆ ಕೂರಬೇಕು. ಬಿಟ್ ಹಲಗೆಯ ಕೊನೆಯಿಂದ ಸುಮಾರು ಒಂದು ಸೆಂಟಿಮೀಟರ್ ಆಚೆಗೆ ಇಳಿಬಿದ್ದಿರಬೇಕು. ಅದೇ ಗಾತ್ರದ, ಇನ್ನಷ್ಟು ಉದ್ದದ ಸ್ಕ್ರೂಗಳನ್ನು ಹಾಕಿ. ಸ್ಕ್ರೂ ತಲೆಗಳು ಹಲಗೆಯೊಳಕ್ಕೆ ಹುದುಗಿರಲಿ, ಇಲ್ಲದಿದ್ದರೆ ಮೇಜಿನ ಮುಖವನ್ನು ಗೀಚುತ್ತವೆ.

ಈಗ ಯಂತ್ರಕ್ಕೆ ಒಂದು ಅಡಿ ಉದ್ದದ ಬಾಲ ಬಂದಂತಾಯಿತು. ಒಂದು ಕೈ ಯಂತ್ರವನ್ನು ಹಿಡಿದರೆ, ಇನ್ನೊಂದು ಕೈ ಬಾಲವನ್ನು ಮೇಜಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಯಂತ್ರ ವಾಲಲು ದಾರಿಯೇ ಇಲ್ಲ.

ಬಿಟ್ ಮತ್ತು ಅದರ ಆಳ

ಅರ್ಧ ಅಂಗುಲ ಅಗಲದ, ತಳದಲ್ಲಿಯೂ ಕೊಯ್ಯುವ ನೇರ ಬಿಟ್ ಸಾಕು. ಆದರೆ ಅದರ ಕಾಂಡವನ್ನು ಅಳೆದು ನೋಡಿ. ಪೇಟೆಯಲ್ಲಿ 6 ಮಿಲಿಮೀಟರಿನ ಬಿಟ್‌ಗಳೂ ಇವೆ, ಕಾಲು ಅಂಗುಲದವೂ ಇವೆ. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್. ಕಾಲು ಅಂಗುಲದ ಹಿಡಿಕೆಯಲ್ಲಿ 6 ಮಿಲಿಮೀಟರಿನ ಬಿಟ್ ಹಾಕಿದರೆ ಬಿಗಿದಂತೆ ತೋರಿದರೂ ಓಡುವಾಗ ಜಾರುತ್ತದೆ. ಟ್ರಿಮ್ಮರ್ ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುವ ಯಂತ್ರ. ಆ ವೇಗದಲ್ಲಿ ಬಿಟ್ ಕಳಚಿದರೆ ಅನಾಹುತವೇ ಸರಿ.

ಆಳ ಕೂಡಿಸಲು ದಪ್ಪ ಗಾಜಿನ ತುಂಡು ಅಥವಾ ನಯವಾದ ಕಲ್ಲು ಒಳ್ಳೆಯದು. ಆಸರೆ ಹಲಗೆಯನ್ನು ಅದರ ಮೇಲೆ ನೇರವಾಗಿ ಒತ್ತಿ ಹಿಡಿಯಿರಿ. ಬಿಟ್‌ನ ಕೆಳಗೆ ಮಾತ್ರ ಒಂದು ಬರೆಯುವ ಕಾಗದವನ್ನಿಟ್ಟು, ಕಾಗದಕ್ಕೆ ತಾಗುವವರೆಗೆ ಬಿಟ್ಟನ್ನು ಇಳಿಸಿ ಬಿಗಿಮಾಡಿ. ಕಾಗದ ಎಳೆದರೆ ತುಸು ಹಿಡಿದು ಬರಬೇಕು. ಹೀಗೆ ಮಾಡಿದರೆ ಬಿಟ್ ಮೇಜಿನ ಮುಖಕ್ಕಿಂತ ಒಂದು ಕಾಗದದಷ್ಟು ಮೇಲೆಯೇ ನಿಲ್ಲುತ್ತದೆ. ಅಪ್ಪಿತಪ್ಪಿ ಕಾಗದವನ್ನು ಹಲಗೆಯ ಕೆಳಗಿಟ್ಟರೆ ಲೆಕ್ಕ ತಿರುವುಮುರುವಾಗಿ ಬಿಟ್ ಮೇಜಿನ ಮುಖವನ್ನೇ ಕೆರೆಯುತ್ತದೆ. ಮೊದಲು ಹಾಳು ತುಂಡೊಂದಕ್ಕೆ ಪಟ್ಟಿ ಅಂಟಿಸಿ ಅದರ ಮೇಲೆ ಪರೀಕ್ಷಿಸಿ.

ಅಂಟು ಒಣಗಲಿ

ಸಂಜೆ ಅಂಟಿಸಿದ ಪಟ್ಟಿಯನ್ನು ಅಂದೇ ರಾತ್ರಿ ಸಮ ಮಾಡಲು ಹೊರಡಬೇಡಿ. ಬಿಳಿ ಅಂಟಿನಲ್ಲಿ ನೀರಿದೆ. ಆ ನೀರನ್ನು ಕುಡಿದು ಕೂಡುವ ಜಾಗದ ಮರ ಉಬ್ಬಿರುತ್ತದೆ. ಉಬ್ಬಿದಾಗ ಸಮ ಮಾಡಿದರೆ, ಒಣಗಿದ ಮೇಲೆ ಅಲ್ಲಿ ಸಣ್ಣ ತಗ್ಗು ಉಳಿಯುತ್ತದೆ. ಒಂದು ಇಡೀ ದಿನ ಬಿಡಿ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೂ ನಷ್ಟವಿಲ್ಲ. ಪಟ್ಟಿಯ ಮರವೂ ಚೆನ್ನಾಗಿ ಒಣಗಿದ್ದೇ ಆಗಿರಬೇಕು. ಹಸಿಮರದ ಪಟ್ಟಿ ಬೇಸಿಗೆಯಲ್ಲಿ ಕುಗ್ಗಿ ಹಲಗೆಯ ಮಟ್ಟಕ್ಕಿಂತ ಕೆಳಗಿಳಿಯುತ್ತದೆ.

ಮುಖದ ಮೇಲೆ ಗಟ್ಟಿಯಾದ ಅಂಟಿನ ಹನಿಗಳಿದ್ದರೆ ಉಳಿಯಿಂದ ಮೆಲ್ಲನೆ ಎಬ್ಬಿಸಿ. ಹನಿಯ ಮೇಲೆ ಆಸರೆ ಹಲಗೆ ಹತ್ತಿದರೆ ಬಿಟ್ ಓರೆಯಾಗುತ್ತದೆ. ಪಟ್ಟಿ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಎದ್ದಿದ್ದರೆ ಮೊದಲು ಉಜ್ಜುಗೊರಡಿನಿಂದ ಅಷ್ಟನ್ನು ತಗ್ಗಿಸಿಕೊಳ್ಳಿ.

ಯಂತ್ರ ನಡೆಸುವ ದಿಕ್ಕು

ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿ ಕ್ಲ್ಯಾಂಪು ಹಾಕಿ. ಸಮ ಮಾಡಬೇಕಾದ ಅಂಚು ನಿಮ್ಮ ಕಡೆಗಿರಲಿ. ಆಸರೆ ಹಲಗೆಯ ಬಾಲ ಆಚೆ ಕಡೆಗಿರಲಿ. ಬಿಟ್‌ನ ನಡುಭಾಗ, ಪಟ್ಟಿಯೂ ಪ್ಲೈವುಡ್ಡೂ ಕೂಡುವ ಗೆರೆಯ ಮೇಲೆ ಬರಬೇಕು. ಪಟ್ಟಿ ಆರು ಮಿಲಿಮೀಟರ್ ದಪ್ಪದ್ದಾದರೆ ಅರ್ಧ ಅಂಗುಲದ ಬಿಟ್ ಅದನ್ನು ಪೂರ್ತಿ ಮುಚ್ಚುತ್ತದೆ.

ಯಂತ್ರವನ್ನು ನಿಮ್ಮ ಬಲದಿಂದ ಎಡಕ್ಕೆ ನಡೆಸಿ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಲದಿಂದ ಎಡಕ್ಕೆ ಹೋದಾಗ ಅಲಗು ಪಟ್ಟಿಯನ್ನು ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ. ಎಳೆಗಳಿಗೆ ಹಲಗೆಯ ಒತ್ತು ಸಿಕ್ಕಿ ಸಿಬಿರು ಏಳುವುದಿಲ್ಲ. ಎಡದಿಂದ ಬಲಕ್ಕೆ ಹೋದರೆ ಅಲಗು ಒಳಗಿನಿಂದ ಹೊರಕ್ಕೆ ಬಂದು ಪಟ್ಟಿಯ ಹೊರ ಅಂಚನ್ನು ಕಿತ್ತುಹಾಕುತ್ತದೆ, ಯಂತ್ರವೂ ಕೈಯನ್ನು ಎಳೆದುಕೊಂಡು ಓಡಬಯಸುತ್ತದೆ. ಯಂತ್ರ ತಾನಾಗಿ ಮುಂದಕ್ಕೆ ನುಗ್ಗಿದರೆ ದಿಕ್ಕು ತಪ್ಪಿದೆಯೆಂದು ತಿಳಿಯಿರಿ.

ಯಂತ್ರ ಪೂರ್ಣ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ. ನಡುವೆ ನಿಲ್ಲಬೇಡಿ, ನಿಂತಲ್ಲಿ ಮರ ಸುಟ್ಟು ಕಪ್ಪಾಗುತ್ತದೆ. ಎಡಮೂಲೆಗೆ ಒಂದು ಅಂಗುಲ ಇರುವಾಗಲೇ ಯಂತ್ರವನ್ನು ಹಿಂದೆಗೆಯಿರಿ. ಮೂಲೆಯವರೆಗೆ ಓಡಿಸಿದರೆ ಅಲ್ಲಿ ಮರ ಚೂರಾಗುವ ಭಯವಿದೆ. ಆ ಒಂದು ಅಂಗುಲ ಹರಿತವಾದ ಉಳಿಯ ಪಾಲು.

ಕೊನೆಯ ಕೈಕೆಲಸ

ಈಗ ಉಳಿದಿರುವುದು ಕಾಗದದಷ್ಟು ಎತ್ತರ. ಇದನ್ನು ಯಂತ್ರಕ್ಕೆ ಬಿಡಬಾರದು. ಕೂಡುವ ಗೆರೆಗೆ ಅಡ್ಡಲಾಗಿ, ಪಟ್ಟಿ ಮತ್ತು ಮುಖ ಎರಡರ ಮೇಲೂ ಹಾಯುವಂತೆ ಪೆನ್ಸಿಲಿನಿಂದ ಹಾವಿನಂತೆ ಗೆರೆ ಎಳೆಯಿರಿ. ಮರದ ತುಂಡಿಗೆ 120 ನಂಬರಿನ ಉಪ್ಪುಕಾಗದ ಸುತ್ತಿ ಪಟ್ಟಿಯ ಉದ್ದಕ್ಕೆ ಉಜ್ಜಿ. ಪಟ್ಟಿಯ ಮೇಲಿನ ಗೆರೆ ಮೊದಲು ಅಳಿಯುತ್ತದೆ. ಮುಖದ ಮೇಲಿನ ಗೆರೆ ಮಾಸತೊಡಗಿದ ಕೂಡಲೇ ಕೈ ನಿಲ್ಲಿಸಿ. ಎರಡೂ ಸಮವಾಗಿವೆ ಎಂದರ್ಥ. ಆಮೇಲೆ 180 ನಂಬರಿನಿಂದ ಹಗುರವಾಗಿ ಒಮ್ಮೆ ಸವರಿ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಏರನ್ನು ಬೆರಳು ಹೇಳುತ್ತದೆ.

ಮೈ ಜೋಪಾನ

ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹೆಗಲ ಮೇಲಿನ ಟವೆಲನ್ನು ತೆಗೆದಿಡಿ, ಲುಂಗಿಯ ತುದಿಯನ್ನು ಬಿಗಿಯಾಗಿ ಕಟ್ಟಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲೇಬೇಕು. ಮರದ ಧೂಳು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಪ್ರಕಟಿಸಿದೆ. ಮೇಜು ಮತ್ತೊಂದು ಮಾಡಬಹುದು. ಕಣ್ಣು, ಬೆರಳು, ಪುಪ್ಪುಸ ಮತ್ತೊಂದು ಬರುವುದಿಲ್ಲ.

ನೆನಪಿಡಬೇಕಾದ ಮಾತುಗಳು

1. ಅಂಟು ಒಣಗಲು ಒಂದು ದಿನ ಬಿಡಿ.
2. ಯಂತ್ರಕ್ಕೆ ಅಗಲವಾದ ಆಸರೆ ಕೊಡಿ.
3. ಕಾಗದ ಬಿಟ್‌ನ ಕೆಳಗಿರಲಿ, ಹಲಗೆಯ ಕೆಳಗೆ ಬೇಡ.
4. ಅಂಚು ನಿಮ್ಮ ಕಡೆಗೆ, ನಡೆ ಬಲದಿಂದ ಎಡಕ್ಕೆ.
5. ಕೊನೆಯ ಕೂದಲೆಳೆ ಕೈಗೆ ಮೀಸಲು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ನಿಮ್ಮ ಕೈಕೆಳಗೆ ಕಲಿಯುವ ಹುಡುಗರಿಗೆ ಈ ಪಾಠವನ್ನು ಓದಿ ಹೇಳಿ, ಹಾಳು ತುಂಡಿನ ಮೇಲೆ ಅವರ ಕೈಯಿಂದಲೇ ಮಾಡಿಸಿ ನೋಡಿ.