ಈ ಸಂಚಿಕೆಯ ಪದ: ಲಿವಿಡ್

ಆ್ಯಂಗ್ರಿ ಎಂಬ ಒಂದೇ ಪದವನ್ನು ಇಟ್ಟುಕೊಂಡು ನಾವು ಇಂಗ್ಲಿಷ್‌ನಲ್ಲಿ ಎಷ್ಟು ದಿನ ಕಾಲ ತಳ್ಳುತ್ತೇವೆ ನೋಡಿ. ಅಮ್ಮ ಗದರಿದರೂ ಆ್ಯಂಗ್ರಿ, ಗೆಳತಿ ಮಾತು ಬಿಟ್ಟರೂ ಆ್ಯಂಗ್ರಿ, ಬೀದಿಯಲ್ಲಿ ಹೊಡೆದಾಟವಾದರೂ ಆ್ಯಂಗ್ರಿ. ಹೆಚ್ಚೆಂದರೆ ಅದರ ಮುಂದೆ ಒಂದು ವೆರಿ. ಕನ್ನಡದಲ್ಲಿ ನಾವು ಹೀಗೆ ಮಾಡುವುದಿಲ್ಲ. ಮುನಿಸು ಬೇರೆ, ಸಿಟ್ಟು ಬೇರೆ, ರೋಷ ಬೇರೆ, ಆಕ್ರೋಶ ಬೇರೆ. ಮನೆಯಲ್ಲಿ ಉರ್ದು ಆಡುವವರಿಗೆ ನಾರಾಜ್ ಮತ್ತು ಗುಸ್ಸಾ ಒಂದೇ ಅಲ್ಲವೆಂದು ಯಾರೂ ಹೇಳಿಕೊಡಬೇಕಿಲ್ಲ. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಬಸ್ಸು ಹತ್ತಿ ತುಮಕೂರಿಗೆ ಬರುವ, ಹತ್ತನೆಯ ತರಗತಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯ ಬಳಿ ಈ ತಿಳಿವಳಿಕೆ ಮೊದಲೇ ಇದೆ. ಅದನ್ನು ಇಂಗ್ಲಿಷಿಗೂ ಒಯ್ಯಬೇಕು, ಅಷ್ಟೆ.

ಲಿವಿಡ್ ಎಂದರೆ ಕೋಪ ಮೇರೆ ಮೀರಿದ ಸ್ಥಿತಿ. ಉಚ್ಚಾರಣೆ ಲೈವಿಡ್ ಅಲ್ಲ, ಲಿವಿಡ್. ಒತ್ತು ಮೊದಲಕ್ಷರದ ಮೇಲೆ. ಕಣ್ಣಿಗೆ ಕಟ್ಟುವಂಥದ್ದು ಎಂಬ ಅರ್ಥದ ವಿವಿಡ್ ಜೊತೆ ಇದನ್ನು ಬೆರೆಸಬೇಡಿ.

ಈ ಪದ ಹುಟ್ಟಿದ್ದು ಕೋಪದಿಂದಲ್ಲ, ಬಣ್ಣದಿಂದ. ಲ್ಯಾಟಿನ್‌ನ ಲಿವಿಡಸ್ ಎಂದರೆ ನೀಲಿಗಟ್ಟಿದ, ಪೆಟ್ಟು ಬಿದ್ದು ಕಂದಿದ ಎಂದರ್ಥ. ಏಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಅಲ್ಲೇ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಕಪ್ಪು ಬೆರೆತ ನೀಲಿ ಕಾಣುತ್ತದೆ. ಇಂಗ್ಲಿಷಿಗೆ ಬಂದಾಗಲೂ ಇದೇ ಅರ್ಥವಿತ್ತು. ಆಮೇಲೆ ಬೂದಿಯಂತೆ ಬಿಳಿಚಿದ ಮುಖಕ್ಕೂ ಹೇಳತೊಡಗಿದರು. ಸಿಟ್ಟಿನ ಭರದಲ್ಲಿ ಕೆಲವರ ಮುಖ ಕೆಂಪೇರುವ ಬದಲು ರಕ್ತವೇ ಇಳಿದುಹೋದಂತಾಗುತ್ತದಲ್ಲ, ಅದಕ್ಕೆ ಲಿವಿಡ್ ವಿತ್ ರೇಜ್ ಎನ್ನುತ್ತಿದ್ದರು. ಕ್ರಮೇಣ ಬಣ್ಣ ಹಿಂದೆ ಸರಿದು ಕೋಪವೇ ಮುಖ್ಯ ಅರ್ಥವಾಯಿತು. ಹಳೆಯ ಅರ್ಥ ಸತ್ತಿಲ್ಲ. ಲಿವಿಡ್ ಬ್ರೂಸ್ ಎಂದರೆ ಇಂದಿಗೂ ನೀಲಿಗಟ್ಟಿದ ಗಾಯ. ಜೀವಶಾಸ್ತ್ರ ಓದುವವರು ಗಮನಿಸಿ: ಮರಣೋತ್ತರ ಪರೀಕ್ಷೆಯ ವರದಿಗಳಲ್ಲಿ ಬರುವ ಲಿವಿಡಿಟಿ ಎಂಬ ನಾಮಪದಕ್ಕೂ ಕೋಪಕ್ಕೂ ಸಂಬಂಧವಿಲ್ಲ. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮಕ್ಕೆ ಬರುವ ಬಣ್ಣ ಅದು.

ನಮ್ಮ ಕಡೆ ಕೋಪದ ಬಣ್ಣ ಕೆಂಪು. ನಾಟ್ಯಶಾಸ್ತ್ರ ರೌದ್ರ ರಸಕ್ಕೆ ಕೊಟ್ಟ ಬಣ್ಣವೂ ಅದೇ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಈ ಜಿಲ್ಲೆಯಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿದವರಿಗೆ ಭೀಮನ ಕೆಂಗಣ್ಣನ್ನು ವಿವರಿಸಬೇಕಾಗಿಲ್ಲ. ಕೆಂಡಾಮಂಡಲ, ಕಿಡಿಕಿಡಿ, ಉರಿದುಬೀಳು: ಎಲ್ಲದರಲ್ಲೂ ಬೆಂಕಿ. ಉರ್ದುವಿನ ಆಗ್ ಬಗೂಲಾ ಕೂಡ ಬೆಂಕಿಯ ಸುಂಟರಗಾಳಿಯೇ. ಲಾಲ್ ಪೀಲಾ ಹೋನಾ ಎಂಬಲ್ಲಿ ಕೆಂಪಿಗೆ ಹಳದಿಯೂ ಸೇರಿದೆ. ಕನ್ನಡದಲ್ಲಿ ಮುಖ ಕಪ್ಪಿಟ್ಟಿತು ಎಂದರೆ ಅವಮಾನವೋ ನಿರಾಸೆಯೋ ಆಗುತ್ತದೆಯೇ ಹೊರತು ಕೋಪವಲ್ಲ. ಹಾಗಾಗಿ ಲಿವಿಡ್ ಎಂದೊಡನೆ ನಮ್ಮ ಮನಸ್ಸು ಕೆಂಪು ಮುಖವನ್ನೇ ಕಲ್ಪಿಸಿಕೊಳ್ಳುತ್ತದೆ.

ಮುಖ ಕಪ್ಪಾಗುವ ಕೋಪವನ್ನು ನಾವು ಓದಿಯೇ ಇಲ್ಲ ಎನ್ನುವಂತಿಲ್ಲ. ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯದ 58ನೆಯ ಸೂಕ್ತದಲ್ಲಿ, ಹೆಣ್ಣು ಮಗು ಹುಟ್ಟಿತೆಂಬ ಸುದ್ದಿ ಕೇಳಿ ಮುಖ ಕಪ್ಪಾಗಿ ಒಳಗೊಳಗೇ ಕುದಿಯುವ ಮನುಷ್ಯನ ಚಿತ್ರವಿದೆ. ಆ ಮನೋಭಾವವನ್ನು ಮುಂದಿನ ಸೂಕ್ತ ಖಂಡಿಸುತ್ತದೆ. ಅಲ್ಲಿ ಬಳಕೆಯಾದ ಅರಬಿ ಪದ ಕಜೀಮ್. ಆಲಿ ಇಮ್ರಾನ್ ಅಧ್ಯಾಯದ 134ನೆಯ ಸೂಕ್ತದಲ್ಲಿ ಕೋಪ ನುಂಗಿಕೊಂಡು ಜನರನ್ನು ಕ್ಷಮಿಸುವವರನ್ನು ಹೊಗಳುವಾಗ ಬರುವ ಪದದ ಧಾತುವೂ ಇದೇ. ತುಂಬಿದ ನೀರಿನ ತೊಗಲುಚೀಲದ ಬಾಯಿ ಕಟ್ಟುವುದು ಇದರ ಮೂಲ ಅರ್ಥವೆಂದು ಅರಬಿ ನಿಘಂಟುಕಾರರು ಹೇಳುತ್ತಾರೆ. ಒಂದೇ ಧಾತು: ಒಂದು ಕಡೆ ನಿಂದೆ, ಇನ್ನೊಂದು ಕಡೆ ಮೆಚ್ಚುಗೆ. ಪದ ಯಾವ ವಾಕ್ಯದಲ್ಲಿದೆ ಎಂದು ನೋಡದೆ ಅರ್ಥ ಹೇಳಲು ಹೋಗಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ವ್ಯಾಕರಣ. ವೆರಿ ಲಿವಿಡ್ ಎನ್ನುವುದಿಲ್ಲ. ಕೋಪದ ತುದಿ ಮುಟ್ಟಿದ ಮೇಲೆ ಇನ್ನೂ ತುಂಬ ಎನ್ನಲು ಏನು ಉಳಿದಿದೆ? ಒತ್ತಿ ಹೇಳಬೇಕಾದರೆ ಆ್ಯಬ್ಸಲೂಟ್ಲಿ ಲಿವಿಡ್. ವ್ಯಕ್ತಿಯ ಮೇಲಾದರೆ ಲಿವಿಡ್ ವಿತ್, ವಿಷಯದ ಬಗ್ಗೆಯಾದರೆ ಲಿವಿಡ್ ಅಬೌಟ್. ಕೋಪದ ಅರ್ಥದಲ್ಲಿ ಇದು ಸಾಮಾನ್ಯವಾಗಿ ಕ್ರಿಯಾಪದದ ನಂತರ ಬರುತ್ತದೆ: ಮೈ ಫಾದರ್ ವಾಸ್ ಲಿವಿಡ್. ನಾಮಪದದ ಮುಂದಿಟ್ಟರೆ ಓದುವವರಿಗೆ ಬಣ್ಣದ ಅರ್ಥ ಹೊಳೆಯುವುದೇ ಹೆಚ್ಚು.

ಇಷ್ಟು ಸೂಕ್ಷ್ಮ ಪಿಯು ಮಕ್ಕಳಿಗೆ ಯಾಕೆ ಎಂದು ಕೇಳಬಹುದು. ದ್ವಿತೀಯ ಪಿಯು ಇಂಗ್ಲಿಷ್‌ನಲ್ಲಿ ಸಂಭಾಷಣೆಯನ್ನು ವರದಿ ಮಾಡಿ ಬರೆಯುವ ಪ್ರಶ್ನೆಯಿದೆ, ಅದು ಹೇಗೂ ಇರಲಿ. ಹಾಸ್ಟೆಲಿನಲ್ಲಿ ಇಬ್ಬರು ಜಗಳವಾಡಿದರು, ನೋಡಿದ್ದು ನೀವೊಬ್ಬರೇ, ಪ್ರಿನ್ಸಿಪಾಲರು ಇಂಗ್ಲಿಷ್‌ನಲ್ಲಿ ಹೇಳಿಕೆ ಬರೆದುಕೊಡಿ ಎಂದರು ಅಂದುಕೊಳ್ಳಿ. ಒಬ್ಬನಿಗೆ ಕಿರಿಕಿರಿಯಾಗಿತ್ತು ಅಷ್ಟೆ, ಅಂದರೆ ಅನಾಯ್ಡ್. ನೀವು ಹೊಸದಾಗಿ ಕಲಿತ ಪದ ತೋರಿಸುವ ಹುಮ್ಮಸ್ಸಿನಲ್ಲಿ ಅವನು ಲಿವಿಡ್ ಆಗಿದ್ದ ಎಂದು ಬರೆದಿರಿ. ಓದಿದವರಿಗೆ ಅವನು ಹೊಡೆಯಲು ಮುಂದಾದವನಂತೆ ಕಾಣುತ್ತಾನೆ. ಅವನು ಮಾಡದ ತಪ್ಪನ್ನು ನಿಮ್ಮ ಒಂದು ವಿಶೇಷಣ ಅವನ ತಲೆಗೆ ಕಟ್ಟಿತು. ಉಲ್ಟಾ ಕೂಡ ಆಗುತ್ತದೆ: ನಿಜವಾಗಿ ಹೆದರಿಸಿದವನನ್ನು ಅನಾಯ್ಡ್ ಎಂದು ಬರೆದರೆ ಪೆಟ್ಟು ತಿಂದವನಿಗೆ ಅನ್ಯಾಯ.

ದೂರು ಪತ್ರದಲ್ಲಿಯಂತೂ ಐ ಆ್ಯಮ್ ಲಿವಿಡ್ ಎಂದು ಬರೆಯಬೇಡಿ. ಅದು ಆಡುಮಾತಿಗೆ ಹತ್ತಿರದ ಪದ. ಅಧಿಕಾರಿಯ ಮೇಜಿನ ಮೇಲೆ ಕೂಗಾಟದಂತೆ ಕೇಳುತ್ತದೆ. ಅನ್ಯಾಯ ಕಂಡು ಬರುವ ಕೋಪಕ್ಕೆ, ಕನ್ನಡದಲ್ಲಿ ಸಾತ್ವಿಕ ಸಿಟ್ಟು ಎನ್ನುತ್ತೇವಲ್ಲ ಅದಕ್ಕೆ, ಇಂಡಿಗ್ನಂಟ್ ಎಂಬ ಪದವಿದೆ. ಅದು ಇನ್ನೊಂದು ಸಂಚಿಕೆಗೆ.

ಈಗ ನಿಮ್ಮ ಸರದಿ. ಕೊನೆಯ ಬಸ್ಸು ಕೈ ತೋರಿಸಿದರೂ ನಿಲ್ಲದೆ ಹೋಯಿತು. ತಮ್ಮ ನಿಮ್ಮ ಪೆನ್ನು ಕೇಳದೆ ತೆಗೆದುಕೊಂಡ. ವರ್ಷವಿಡೀ ಬರೆದ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಯಾರೋ ಬೇಕೆಂದೇ ಹರಿದುಹಾಕಿದರು. ಆ್ಯಂಗ್ರಿ, ಅನಾಯ್ಡ್, ಲಿವಿಡ್ ಇವುಗಳಲ್ಲಿ ಯಾವುದು ಎಲ್ಲಿಗೆ ಎಂದು ತೀರ್ಮಾನಿಸಿ, ಒಂದೊಂದು ಇಂಗ್ಲಿಷ್ ವಾಕ್ಯ ಬರೆದು ಇಂಗ್ಲಿಷ್ ವಿಭಾಗಕ್ಕೆ ತಲುಪಿಸಿ. ಬಸ್ಸಿನ ವಿಷಯದಲ್ಲಿ ಎಲ್ಲರ ಉತ್ತರ ಒಂದೇ ಆಗಬೇಕಾಗಿಲ್ಲ. ಮನೆ ಎಷ್ಟು ದೂರ ಎಂಬುದನ್ನೂ ಬರೆಯಿರಿ.